ಬಂದೂಕಿನ ಪಟ್ಟಿ ಹೊಂದಿಸಿಕೊಳ್ಳುವುದು ಹೇಗೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ, ಎನ್‌ಸಿಸಿ ಸೀನಿಯರ್ ವಿಂಗ್ ಕೆಡೆಟ್)

ಎನ್‌ಸಿಸಿ ಕ್ಯಾಂಪ್ ಮುಗಿಸಿ ಆಲ್ದೂರಿಗೆ ಬಂದ ಮೇಲೆ ಫಸ್ಟ್ ಪಿಯುಸಿಯ ಹುಡುಗಿಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಆಪಾ, ಎಷ್ಟು ಗುಂಡು ತಾಗಿತು?" ಮೊದಲ ದಿನ ಐದರಲ್ಲಿ ಎರಡು ಗುಂಡು ಕಾಗದಕ್ಕೇ ತಾಗಲಿಲ್ಲ, ಉಳಿದ ಮೂರು ಒಂದೊಂದು ಮೂಲೆಯಲ್ಲಿದ್ದವು ಎಂದಾಗ ಎಲ್ಲರೂ ನಕ್ಕರು. ಎಂಟನೆಯ ದಿನ ಐದೂ ಗುಂಡು ನನ್ನ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು ಎಂದಾಗ ಯಾರೂ ನಂಬಲಿಲ್ಲ. ಆ ಏಳು ದಿನಗಳಲ್ಲಿ ನನ್ನ ಕಣ್ಣು ಬದಲಾಗಲಿಲ್ಲ, ಬಂದೂಕೂ ಬದಲಾಗಲಿಲ್ಲ. ಬದಲಾದದ್ದು ಮುಖ್ಯವಾಗಿ ಒಂದು ಪಟ್ಟಿ. ಬರುವ ವರ್ಷ ಕ್ಯಾಂಪ್‌ಗೆ ಹೋಗುವವರಿಗೆ ಉಪಯೋಗವಾಗಲಿ ಎಂದು ನಾನು ಕಲಿತಷ್ಟನ್ನು ಬರೆಯುತ್ತಿದ್ದೇನೆ.

ಆದರೆ ಕ್ಯಾಂಪ್‌ಗೆ ಹೋಗುವುದೇ ನನಗೆ ಸುಲಭವಾಗಿರಲಿಲ್ಲ. ಅಬ್ಬಾ ಫಾರಂಗೆ ಸಹಿ ಹಾಕಲು ತಯಾರಿದ್ದರು. ದಾದಿ ಬಿಡಲಿಲ್ಲ. ಡ್ರಿಲ್ ಆಗಬಹುದು, ಓಟ ಆಗಬಹುದು, ಬಂದೂಕ್ ಬೇಡ ಎಂದರು. ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ದಾದಾ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಒಂದು ಸಂಜೆ ತೋಟದ ಯಜಮಾನರ ಹಿಂದೆ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರಂತೆ. ಯಜಮಾನರ ಹೆಗಲಲ್ಲಿ ಕೋವಿ ಇತ್ತು, ಹಂದಿ ಕಾಟ ಎಂದು ತೋಟಾ ತುಂಬಿಯೇ ಇಟ್ಟಿದ್ದರು. ಉಣುಗೋಲು ಸರಿಸಲು ಅವರು ಬಗ್ಗಿದಾಗ ಸಡಿಲವಾಗಿದ್ದ ಪಟ್ಟಿ ಹೆಗಲಿನಿಂದ ಜಾರಿತು. ಕೋವಿ ಕಲ್ಲಿನ ಮೇಲೆ ಬಿದ್ದು ಹಾರಿತು. ಚರೆಗಳು ದಾದಾ ಅವರ ಎಡಪಾದಕ್ಕೆ ಹೊಕ್ಕವು. ನಾನು ನೋಡಿದಷ್ಟು ಕಾಲವೂ ದಾದಾ ಕುಂಟುತ್ತಲೇ ನಡೆದರು. ತೀರಿಕೊಂಡು ಆರು ವರ್ಷವಾಯಿತು, ಅವರ ಊರುಗೋಲು ಇನ್ನೂ ಬಾಗಿಲ ಹಿಂದೆ ಇದೆ.

ಆದ್ದರಿಂದ ದಾದಿಗೆ ನಾನು ಒಂದು ಮಾತು ಕೊಟ್ಟೆ. ಪಟ್ಟಿ ನೋಡದೆ, ಒಳಗೆ ಗುಂಡಿಲ್ಲ ಎಂದು ನನ್ನ ಕಣ್ಣಿನಿಂದ ನೋಡದೆ ಬಂದೂಕು ಎತ್ತುವುದಿಲ್ಲ ಎಂದೆ. ಹಾಗಾಗಿ ಕ್ಯಾಂಪ್‌ನಲ್ಲಿ ಉಳಿದವರು ಟ್ರಿಗರ್ ಬಗ್ಗೆ ಪ್ರಶ್ನೆ ಕೇಳುತ್ತಿದ್ದಾಗ ನಾನು ಪಟ್ಟಿಯ ಬಗ್ಗೆ ಕೇಳುತ್ತಿದ್ದೆ.

ಕ್ಯಾಂಪ್‌ನಲ್ಲಿ ಇದನ್ನು ಸ್ಲಿಂಗ್ ಎನ್ನುತ್ತಾರೆ. ದಾದಿಯ ಬಾಯಲ್ಲಿ ಅದು ತಸ್ಮಾ. ನಮ್ಮ ಮನೆಯ ಮಾತು ಅಲ್ಲಿ ಬಹಳ ಕಡೆ ಸಿಕ್ಕಿತು. ಸೈನ್ಯದಿಂದ ಕಲಿಸಲು ಬರುವ ಹವಾಲ್ದಾರರನ್ನು ಎಲ್ಲರೂ 'ಉಸ್ತಾದ್' ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಮದರಸಾದ ಉಸ್ತಾದ್ ನೆನಪಾಗಿ ತಲೆ ತಗ್ಗಿಸಿದೆ. 'ಬಾಜು ಶಸ್ತ್ರ', 'ಬಗಲ್ ಶಸ್ತ್ರ', 'ಸಲಾಮಿ ಶಸ್ತ್ರ' ಎಂಬ ಆಜ್ಞೆಗಳಲ್ಲಿ ಮೊದಲ ಪದ ನಮ್ಮ ಅಡುಗೆಮನೆಯದು, ಎರಡನೆಯದು ಕನ್ನಡ ಪೀರಿಯಡ್‌ನದು. ಇರಲಿ, ವಿಷಯಕ್ಕೆ ಬರುತ್ತೇನೆ.

ಎನ್‌ಸಿಸಿಯಲ್ಲಿ ನಮಗೆ ಗುಂಡು ಹಾರಿಸಲು ಕೊಡುವುದು ಪಾಯಿಂಟ್ ಟೂಟೂ ರೈಫಲ್. ತೂಕ ಮೂರು ಕಿಲೋಗೆ ಹತ್ತಿರ. ಅದರ ಮುಂಭಾಗದ ಮರದ ಕೆಳಗೆ ಒಂದು ಕಬ್ಬಿಣದ ಬಳೆ, ಬಟ್‌ನ ಕೆಳಗೆ ಇನ್ನೊಂದು. ಇವುಗಳಿಗೆ ಸ್ವಿವೆಲ್ ಎಂದು ಹೆಸರು, ಅತ್ತಿತ್ತ ಆಡುತ್ತವೆ. ಪಟ್ಟಿಯ ಒಂದೊಂದು ತುದಿ ಒಂದೊಂದು ಬಳೆಯೊಳಗೆ ಹೋಗಿ, ಹಿಂದಕ್ಕೆ ಮಡಚಿ, ಲೋಹದ ಕ್ಲಿಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಮಡಿಕೆ ಉದ್ದ ಮಾಡಿದರೆ ಪಟ್ಟಿ ಗಿಡ್ಡ, ಮಡಿಕೆ ಗಿಡ್ಡ ಮಾಡಿದರೆ ಪಟ್ಟಿ ಉದ್ದ. ನೋಡಲು ಇಷ್ಟೇ. ಸ್ಕೂಲ್ ಬ್ಯಾಗಿನ ಪಟ್ಟಿಗಿಂತ ಕಷ್ಟವಿಲ್ಲ.

ಪಟ್ಟಿ ಮುಟ್ಟುವ ಮೊದಲು ಮಾಡಬೇಕಾದ ಕೆಲಸವನ್ನು ಮಾತ್ರ ಯಾವತ್ತೂ ಬಿಡಬಾರದು. ಉಸ್ತಾದ್ ಹೇಳದೆ ಮುಟ್ಟಬೇಡಿ. ಮೂತಿ ಗುರಿಹಲಗೆಯ ದಿಕ್ಕಿಗೇ ಇರಲಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆಯಿರಿ, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೋಲ್ಟ್ ತೆರೆದೇ ಇರಲಿ. ಮ್ಯಾಗಜೀನ್ ಮೊದಲು, ಬೋಲ್ಟ್ ಆಮೇಲೆ. ತಿರುಗುಮುರುಗಾದರೆ ಬೋಲ್ಟ್ ಮುಂದೆ ಹೋಗುವಾಗ ಮ್ಯಾಗಜೀನ್‌ನಿಂದ ಹೊಸ ಗುಂಡು ಚೇಂಬರ್‌ಗೆ ಹೋಗಿ ಕೂರುತ್ತದೆ. ಪಕ್ಕದವಳು ಈಗಷ್ಟೇ ನೋಡಿದ್ದಾಳೆ ಎಂದು ಸುಮ್ಮನಾಗಬಾರದು. ದಾದಾ ಅವರ ವಿಷಯದಲ್ಲಿ ಪಟ್ಟಿ ಜಾರಿದ್ದು ಅರ್ಧ ತಪ್ಪು. ತುಂಬಿದ ಕೋವಿಯನ್ನು ಹೆಗಲಿಗೆ ಹಾಕಿ ಉಣುಗೋಲು ದಾಟಲು ಹೊರಟದ್ದು ಉಳಿದರ್ಧ.

ನಮ್ಮ ಕಡೆ ಕೋವಿ ಹೊಸದೇನಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ತೋಟದ ಕೋವಿಗಳಿವೆ. ಚುನಾವಣೆ ಬಂದಾಗ ಅವುಗಳನ್ನು ಠಾಣೆಯಲ್ಲಿ ಜಮಾ ಮಾಡುವುದನ್ನು ನೀವೂ ನೋಡಿರುತ್ತೀರಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಅದನ್ನು 2029ರವರೆಗೆ ವಿಸ್ತರಿಸಲಾಗಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಆದರೆ ಈ ಕೋವಿಗಳಲ್ಲಿ ಪಟ್ಟಿ ಹೆಚ್ಚಾಗಿ ಹೊರಲು ಮಾತ್ರ. ಪಟ್ಟಿಗೆ ಎರಡನೆಯ ಕೆಲಸವೂ ಇದೆ ಎಂದು ನನಗೆ ತಿಳಿದದ್ದು ಕ್ಯಾಂಪ್‌ನಲ್ಲಿ.

ಮೊದಲು ಹೊರುವ ಅಳತೆ. ನನ್ನ ಕೈಗೆ ಬಂದ ರೈಫಲ್‌ನ ಪಟ್ಟಿಯನ್ನು ನನಗಿಂತ ಒಂದಡಿ ಎತ್ತರದ ಹುಡುಗ ಯಾರೋ ಹೊಂದಿಸಿದ್ದನಿರಬೇಕು. ಬಲಹೆಗಲಿಗೆ ಹಾಕಿದರೆ ಬಟ್ ಹೆಜ್ಜೆಹೆಜ್ಜೆಗೂ ನನ್ನ ಮಂಡಿಯ ಹಿಂದೆ ಕುಟ್ಟುತ್ತಿತ್ತು. ಮೂತಿ ಮೇಲಕ್ಕಿದ್ದು, ರೈಫಲ್ ಬೆನ್ನಿಗೆ ಅಂಟಿಕೊಂಡಂತೆ ನಿಂತು, ಬಟ್ ಮಂಡಿಗಿಂತ ಸಾಕಷ್ಟು ಮೇಲಿದ್ದರೆ ಅಳತೆ ಸರಿ. ಬಲಗೈಯಿಂದ ಎದೆಯ ಹತ್ತಿರ ಪಟ್ಟಿ ಹಿಡಿದಾಗ ಮೊಣಕೈ ಹಿಂಡಬಾರದು. ತೀರಾ ಗಿಡ್ಡವಾದರೆ ಕಂಕುಳು ಕೊರೆಯುತ್ತದೆ, ಹೆಗಲಿಗೆ ಏರಿಸುವಾಗ ಟೋಪಿ ಬೀಳುತ್ತದೆ. ಹೊಂದಿಸಿದ ಮೇಲೆ ಎರಡು ಕೈಯಲ್ಲೂ ಪಟ್ಟಿಯನ್ನು ಜಗ್ಗಿ ನೋಡಿ. ಕ್ಲಿಪ್ ಕಚ್ಚಿಲ್ಲದಿದ್ದರೆ ಆಗಲೇ ತಿಳಿಯುತ್ತದೆ, ಪರೇಡಿನ ಮಧ್ಯೆ ತಿಳಿಯುವುದು ಬೇಡ.

ಇನ್ನು ಗುಂಡು ಹಾರಿಸುವಾಗಿನ ಅಳತೆ. ಪಾಠದ ಮುಖ್ಯ ಭಾಗ ಇದೇ.

ಮೊದಲ ದಿನ ನಾನು ಮಲಗಿ ಗುರಿ ಹಿಡಿದಾಗ ಪಟ್ಟಿ ನನ್ನ ಎಡಮೊಣಕೈ ಹತ್ತಿರ ಜೋಲಿಯಂತೆ ನೇತಾಡುತ್ತಿತ್ತು. ರೈಫಲ್‌ನ ಭಾರವೆಲ್ಲ ಎಡಗೈಯ ಸ್ನಾಯುಗಳ ಮೇಲೆ. ಮೊದಲ ಗುಂಡಿಗೆ ಸರಿ ಇತ್ತು, ಎರಡನೆಯದಕ್ಕೆ ಕೈ ನಡುಗತೊಡಗಿತು, ಮೂರನೆಯದಕ್ಕೆ ಮುಂದಿನ ಸೈಟು ಗುರಿಯ ಸುತ್ತ ನೊಣದಂತೆ ಸುತ್ತುತ್ತಿತ್ತು. ಕಪ್ಪು ಚುಕ್ಕೆ ಎದುರಿಗೆ ಬಂದ ಕ್ಷಣ ನೋಡಿ ಟ್ರಿಗರ್ ಎಳೆದುಬಿಟ್ಟೆ. ಹಾಗೆ ಎಳೆದರೆ ಏನಾಗುತ್ತದೆಂದು ನಮ್ಮ ಲೆಕ್ಕದಲ್ಲೇ ನೋಡೋಣ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 60 ಸೆಂ.ಮೀ. ಎಂದುಕೊಳ್ಳಿ. ಮುಂದಿನ ಸೈಟು ಬರೀ 1 ಮಿ.ಮೀ. ಅತ್ತ ಸರಿದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 42 ಮಿ.ಮೀ. ಅತ್ತ ಬೀಳುತ್ತದೆ, ಅಂದರೆ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಒಂದು ಮಿಲಿಮೀಟರ್ ನಡುಕ ಯಾರ ಕೈಯಲ್ಲಿ ಇರುವುದಿಲ್ಲ?

ಪಟ್ಟಿ ಈ ನಡುಕವನ್ನು ಹೇಗೆ ತಡೆಯುತ್ತದೆ? ಮಲಗಿದಾಗ ಎಡಮೊಣಕೈ ನೆಲದ ಮೇಲೆ, ಅಂಗೈ ರೈಫಲ್‌ನ ಕೆಳಗೆ. ರೈಫಲ್‌ನ ಭಾರಕ್ಕೆ ಮುಂಗೈ ಮುಂದಕ್ಕೆ ಬಾಗಿ ನೆಲಕ್ಕೆ ಬೀಳಲು ನೋಡುತ್ತದೆ. ಅದನ್ನು ತಡೆಯಲು ತೋಳಿನ ಸ್ನಾಯು ಬಿಗಿಹಿಡಿಯಬೇಕು, ಬಿಗಿಹಿಡಿದ ಸ್ನಾಯು ದಣಿಯುತ್ತದೆ, ದಣಿದರೆ ನಡುಗುತ್ತದೆ. ಈಗ ಮೇಲ್ತೋಳಿನಿಂದ ಮುಂದಿನ ಬಳೆಯವರೆಗೆ ಒಂದು ಬಿಗಿಯಾದ ಪಟ್ಟಿ ಇದ್ದರೆ? ಮೇಲ್ತೋಳು ಒಂದು ಬದಿ, ಮುಂಗೈ ಇನ್ನೊಂದು ಬದಿ, ಪಟ್ಟಿ ಮೂರನೆಯ ಬದಿ. ತ್ರಿಕೋನ ಮುಚ್ಚಿತು. ಮುಂಗೈ ಬೀಳಲು ಹೋದರೆ ಪಟ್ಟಿ ಬಿಡುವುದಿಲ್ಲ. ಸ್ನಾಯುವಿನ ಕೆಲಸವನ್ನು ಮೂಳೆ ಮತ್ತು ಪಟ್ಟಿ ಮಾಡುತ್ತವೆ, ತೋಳು ಸಡಿಲ ಬಿಡಬಹುದು. ಜೊತೆಗೆ ಪಟ್ಟಿಯ ಎಳೆತ ಬಟ್ಟನ್ನು ಹಿಂದಕ್ಕೆ ಭುಜದ ಗುಳಿಯೊಳಗೆ ಒತ್ತುತ್ತದೆ. ತೋಟದಲ್ಲಿ ಗಾಳಿಗೆ ವಾಲಿದ ಮರಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುವುದೂ ಇದೇ ತತ್ವ.

ಕಟ್ಟಲು ಎರಡು ವಿಧಾನಗಳಿವೆ. ಇಲ್ಲಿ ಬರೆದದ್ದು ಬಲಗೈಯವರಿಗೆ. ಎಡಚರು ತಿರುಗಿಸಿಕೊಳ್ಳಿ.

ಮೊದಲನೆಯದು ಅವಸರದ ವಿಧಾನ. ಪಟ್ಟಿಯ ಎರಡೂ ತುದಿ ಬಳೆಗಳಲ್ಲೇ ಇರುತ್ತವೆ, ಉದ್ದ ಮಾತ್ರ ಸ್ವಲ್ಪ ಬಿಡಬೇಕು. ಎಡಗೈಯನ್ನು ರೈಫಲ್ ಮತ್ತು ಪಟ್ಟಿಯ ನಡುವೆ ತೂರಿಸಿ, ಪಟ್ಟಿ ಮೇಲ್ತೋಳಿನ ಹಿಂಭಾಗಕ್ಕೆ ಒರಗುವಂತೆ ಮಾಡಿ. ಆಮೇಲೆ ಅಂಗೈಯನ್ನು ಪಟ್ಟಿಯ ಹೊರಗಿನಿಂದ ಒಂದು ಸುತ್ತು ತಂದು ಮುಂದಿನ ಮರವನ್ನು ಕೆಳಗಿನಿಂದ ಹಿಡಿಯಿರಿ. ಪಟ್ಟಿ ಈಗ ಮುಂಗೈಯ ಹಿಂಭಾಗದ ಮೇಲೆ ಹಾದುಹೋಗುತ್ತದೆ. ಅದು ಅಗಲವಾಗಿ ಮಲಗಿರಬೇಕು, ತಿರುಚಿದ್ದರೆ ಅಂಚು ಚರ್ಮ ಕೊಯ್ಯುತ್ತದೆ. ಅದಕ್ಕಾಗಿ ಕೈ ತೂರಿಸುವ ಮೊದಲೇ ಪಟ್ಟಿಗೆ ಅರ್ಧ ತಿರುವು ಕೊಡುವುದುಂಟು. ಹತ್ತು ಸಲ ಮಾಡಿದರೆ ಹತ್ತು ಸೆಕೆಂಡಿನ ಕೆಲಸ. ಬಿಗಿ ಅಷ್ಟು ಸಿಗದಿದ್ದರೂ ನೇತಾಡುವ ಪಟ್ಟಿಗಿಂತ ಎಷ್ಟೋ ಉತ್ತಮ.

ಎರಡನೆಯದು ಕುಣಿಕೆಯ ವಿಧಾನ. ಸ್ಪರ್ಧೆಗೆ ಹೋಗುವವರು ಇದನ್ನೇ ಬಳಸುತ್ತಾರೆ. ಪಟ್ಟಿಯ ಹಿಂದಿನ ತುದಿಯನ್ನು ಬಟ್‌ನಿಂದ ಬಿಡಿಸಿ, ಅದರಲ್ಲಿ ಕುಣಿಕೆ ಮಾಡಿ ಎಡ ಮೇಲ್ತೋಳಿಗೆ ಹಾಕುತ್ತಾರೆ. ಕುಣಿಕೆ ಆದಷ್ಟು ಮೇಲಿರಬೇಕು, ಕಂಕುಳ ಹತ್ತಿರ, ಭುಜದ ದಪ್ಪ ಸ್ನಾಯುವಿನ ಕೆಳಗೆ. ಮೊಣಕೈ ಹತ್ತಿರ ಹಾಕಿದರೆ ಎರಡು ತೊಂದರೆ. ಒಂದು, ತ್ರಿಕೋನ ಚಿಕ್ಕದಾಗಿ ಹಿಡಿತ ಕಡಿಮೆಯಾಗುತ್ತದೆ. ಇನ್ನೊಂದು, ತೋಳಿನ ಒಳಬದಿಯಲ್ಲಿ ಓಡುವ ರಕ್ತನಾಳವನ್ನು ಪಟ್ಟಿ ಒತ್ತುತ್ತದೆ. ಆಗ ಎದೆ ಬಡಿದಂತೆಲ್ಲ ಸೈಟು ಟಿಕ್ ಟಿಕ್ ಎಂದು ಹಾರುವುದನ್ನು ನೀವೇ ನೋಡಬಹುದು. ನಾನು ಐದನೆಯ ದಿನ ನೋಡಿದೆ, ಭಯವಾಯಿತು. ಪಟ್ಟಿ ತೋಳಿನ ಹೊರಬದಿಯಿಂದ ಹೊರಡುವಂತೆ ಕುಣಿಕೆ ತಿರುಗಿಸಿದ ಮೇಲೆ ಬಡಿತ ಬಹಳ ಕಡಿಮೆಯಾಯಿತು. ಬರೀ ಅಂಗಿಯ ಮೇಲೆ ಕುಣಿಕೆ ಜಾರುತ್ತದೆ, ಒಳಗೊಂದು ಸ್ವೆಟರ್ ಇದ್ದರೆ ಒಳ್ಳೆಯದು. ಸ್ಪರ್ಧಿಗಳ ದಪ್ಪ ಜಾಕೆಟ್ ತೋಳಿನ ಮೇಲೆ ಪಟ್ಟಿ ಜಾರದಂತೆ ಕೊಕ್ಕೆಯೇ ಇರುತ್ತದೆ.

ಎಷ್ಟು ಬಿಗಿ? ಇದಕ್ಕೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ತೋಳಿನ ಉದ್ದಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ನಮ್ಮ ಉಸ್ತಾದ್ ಹೇಳಿಕೊಟ್ಟ ಪರೀಕ್ಷೆ ಹೀಗಿದೆ. ಖಾಲಿ ರೈಫಲ್‌ನೊಂದಿಗೆ ಪೂರ್ತಿ ಮಲಗಿ ಗುರಿ ಹಿಡಿಯಿರಿ. ಬಲಗೈಯಿಂದ ಬಟ್ಟನ್ನು ಸ್ವಲ್ಪ ಮುಂದಕ್ಕೆ ತಳ್ಳಿಯೇ ಭುಜದ ಗುಳಿಗೆ ಕೂರಿಸಬೇಕಾಗಿ ಬಂದರೆ ಬಿಗಿ ಸರಿ. ಈಗ ಬಲಗೈ ಪೂರ್ತಿ ತೆಗೆಯಿರಿ. ರೈಫಲ್ ಭುಜದಲ್ಲೇ ನಿಂತು, ಮೂತಿ ಗುರಿಯ ಹತ್ತಿರವೇ ಇರಬೇಕು. ಮೂತಿ ಕುಸಿದರೆ ಪಟ್ಟಿ ಉದ್ದವಾಯಿತು. ಬಟ್ ಕೂರಿಸಲು ಹೆಣಗಾಡಬೇಕಾದರೆ, ಅಥವಾ ಎರಡು ಮೂರು ನಿಮಿಷದಲ್ಲೇ ಬೆರಳು ಜೋಮು ಹಿಡಿದರೆ ಗಿಡ್ಡವಾಯಿತು. ಎಡಗೈ ಬೆರಳುಗಳಿಂದ ಮರವನ್ನು ಹಿಸುಕಬಾರದು. ರೈಫಲ್ ಅಂಗೈ ಮೇಲೆ ಕೂತಿರಲಿ, ಬೆರಳು ಸುಮ್ಮನಿರಲಿ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಸೆಂಟಿಮೀಟರ್, ರಂಧ್ರಗಳಿರುವ ಪಟ್ಟಿಯಾದರೆ ಒಂದೇ ರಂಧ್ರ. ಸರಿಯಾದ ಜಾಗ ಸಿಕ್ಕ ಮೇಲೆ ಬರೆದಿಟ್ಟುಕೊಳ್ಳಿ. ನಾನು ಸೂಜಿದಾರದಿಂದ ಪಟ್ಟಿಯ ಮೇಲೆ ಒಂದು ಹಸಿರು ಹೊಲಿಗೆ ಹಾಕಿದೆ, ಉಸ್ತಾದ್ ನೋಡಿ ಏನೂ ಹೇಳಲಿಲ್ಲ. ಮರುದಿನ ಬೇರೆಯವರು ಅದೇ ರೈಫಲ್ ಬಳಸಿ ಪಟ್ಟಿ ಬದಲಾಯಿಸಿದ್ದರೂ ನನ್ನ ಅಳತೆ ನನಗೆ ತಕ್ಷಣ ಸಿಗುತ್ತಿತ್ತು.

ವಾಣಿಜ್ಯ ವಿಭಾಗದವರಿಗೆ ಒಂದು ಮಾತು. ಲೆಕ್ಕಶಾಸ್ತ್ರದಲ್ಲಿ ದೋಷಗಳ ತಿದ್ದುಪಡಿ ಓದಿದ್ದೇವೆ. ತಾಳೆಪಟ್ಟಿಯ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕೆಗಳು ಅದಲುಬದಲಾಗಿರಬಹುದೆಂದು ಹುಡುಕುತ್ತೇವಲ್ಲ, ತಪ್ಪಿಗೊಂದು ಕ್ರಮ ಇದ್ದರೆ ಮಾತ್ರ ಹಾಗೆ ಹುಡುಕಬಹುದು. ಗುರಿಕಾಗದವೂ ಹಾಗೆಯೇ. ಐದು ಗುಂಡು ಒಟ್ಟಿಗೆ ಬಿದ್ದು, ಆದರೆ ಎಡಕ್ಕೆ ಬಿದ್ದಿದ್ದರೆ ಚಿಂತೆ ಇಲ್ಲ, ಸೈಟು ಸರಿಸಿದರಾಯಿತು. ಐದು ಐದು ಕಡೆ ಬಿದ್ದಿದ್ದರೆ ಸೈಟು ಸರಿಸಿ ಪ್ರಯೋಜನವಿಲ್ಲ. ಅದಕ್ಕೇ ಕ್ಯಾಂಪ್‌ನಲ್ಲಿ ಮೊದಲು ನೋಡುವುದು ಗ್ರೂಪಿಂಗ್, ಆಮೇಲೆ ಅಂಕ. ಗುಂಡುಗಳು ಮೇಲಿನಿಂದ ಕೆಳಕ್ಕೆ ಒಂದರ ಕೆಳಗೊಂದು ಇಳಿಯುತ್ತಾ ಹೋಗಿದ್ದರೆ ಪಟ್ಟಿ ತೋಳಿನ ಮೇಲೆ ಕೆಳಗೆ ಜಾರುತ್ತಿದೆಯೇ ನೋಡಿ. ಕ್ರಮವಿಲ್ಲದೆ ಮೇಲೆ ಕೆಳಗೆ ಆಗಿದ್ದರೆ ಉಸಿರನ್ನು ಬೇರೆ ಬೇರೆ ಹಂತದಲ್ಲಿ ನಿಲ್ಲಿಸುತ್ತಿರಬಹುದು. ಒಂದು ದಿನ ಬಿಗಿ, ಇನ್ನೊಂದು ದಿನ ಸಡಿಲ ಮಾಡಿದರೆ ಇಡೀ ಗ್ರೂಪೇ ಜಾಗ ಬದಲಾಯಿಸಬಹುದು, ಏಕೆಂದರೆ ಪಟ್ಟಿ ಮುಂಭಾಗವನ್ನು ಎಳೆಯುವ ಬಲ ಬದಲಾಗುತ್ತದೆ.

ಪಟ್ಟಿ ಸರಿಯಾದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟವಾಯಿತು. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲ ಬಿಟ್ಟು, ಕಣ್ಣು ತೆರೆಯಿರಿ. ಸೈಟು ಈಗ ಎಲ್ಲಿದೆಯೋ ಅದೇ ನಿಮ್ಮ ಮೈಯ ಸಹಜ ದಿಕ್ಕು. ಅದು ಗುರಿಯಿಂದ ಬಲಕ್ಕಿದ್ದರೆ ಕೈಯಿಂದ ಎಳೆದು ತರಬೇಡಿ. ಎಡಮೊಣಕೈ ಅಲ್ಲಾಡಿಸದೆ ಸೊಂಟ ಮತ್ತು ಕಾಲನ್ನು ಸ್ವಲ್ಪ ಸರಿಸಿ ಮತ್ತೆ ಕಣ್ಣು ಮುಚ್ಚಿ ನೋಡಿ. ಮೂರು ಸಲ ಮಾಡಿದರೆ ಕಣ್ಣು ತೆರೆದಾಗ ಸೈಟು ಗುರಿಯ ಮೇಲೇ ಇರುತ್ತದೆ.

ಇದು ಮೋಸವಲ್ಲವೇ, ಪಟ್ಟಿ ಕಟ್ಟಿಕೊಂಡರೆ ಯಾರಾದರೂ ಹೊಡೆಯುತ್ತಾರಲ್ಲ ಎಂದು ನನ್ನ ತಮ್ಮ ಕೇಳಿದ. ಅಂತರರಾಷ್ಟ್ರೀಯ ನಿಯಮದಲ್ಲಿ ಮಲಗಿ ಮತ್ತು ಮಂಡಿಯೂರಿ ಹೊಡೆಯುವಾಗ ಪಟ್ಟಿಗೆ ಅನುಮತಿ ಇದೆ, ನಿಂತು ಹೊಡೆಯುವಾಗ ಇಲ್ಲ. ಪಟ್ಟಿಯ ಅಗಲ 40 ಮಿ.ಮೀ. ಮೀರಬಾರದು. ಮಲಗಿದಾಗ ಮುಂಗೈ ನೆಲದಿಂದ ಕನಿಷ್ಠ 30 ಡಿಗ್ರಿ ಎದ್ದಿರಬೇಕು, ಅಂದರೆ ಪಟ್ಟಿಯ ಆಸರೆಯಲ್ಲಿ ತೀರಾ ನೆಲಕ್ಕೆ ಅಂಟುವಂತಿಲ್ಲ. ಇಷ್ಟೆಲ್ಲ ಆಸರೆ ಇದ್ದರೂ 50 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. ಮಾತ್ರ. ನಮ್ಮ ಒಂದು ರೂಪಾಯಿ ನಾಣ್ಯದ ಅಗಲದ ಸುಮಾರು ಅರ್ಧ, ಅಷ್ಟೇ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು ಇದೇ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಮಂಡಿಯೂರಿ, ಮಲಗಿ, ಕೊನೆಗೆ ನಿಂತು. ಮೊದಲೆರಡರಲ್ಲಿ ಪಟ್ಟಿ, ಮೂರನೆಯದರಲ್ಲಿ ಬರೀ ಕೈ. ಅವರು ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯವರು, ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಎನ್‌ಸಿಸಿ ಕೆಡೆಟ್‌ಗಳೂ ಆಯ್ಕೆಯಾದರೆ ಜಿ.ವಿ. ಮಾವಳಂಕರ್ ಶೂಟಿಂಗ್ ಸ್ಪರ್ಧೆಯವರೆಗೆ ಹೋಗಬಹುದು.

ನಮ್ಮ ಊರಿಗೆ ಬೇಕಾದ ಒಂದು ಸೂಚನೆ ಮರೆತಿದ್ದೆ. ಹತ್ತಿಯ ಪಟ್ಟಿ ನೆನೆದರೆ ಬಿಗಿಯಾಗುತ್ತದೆ, ಚರ್ಮದ ಪಟ್ಟಿ ನೆನೆದರೆ ಹಿಗ್ಗುತ್ತದೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುವುದು ಚಪ್ಪಲಿ ನೋಡಿದರೇ ಗೊತ್ತು. ಒಣಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಬೇಕು, ಒಲೆಯ ಹತ್ತಿರ ಇಟ್ಟರೆ ಸೀಳುತ್ತದೆ. ನೆನೆದ ದಿನ ಅಳತೆ ಮತ್ತೊಮ್ಮೆ ನೋಡಲೇಬೇಕು.

ಅಭ್ಯಾಸಕ್ಕೆ ರೈಫಲ್ ಬೇಕಾಗಿಲ್ಲ. ಒಂದು ಗಟ್ಟಿ ಕೋಲು, ಹಳೆಯ ಬ್ಯಾಗಿನ ಪಟ್ಟಿ, ಎರಡು ಕಡೆ ಹಗ್ಗದ ಬಳೆ ಸಾಕು. ಕ್ಯಾಂಪ್‌ನಿಂದ ಬಂದ ಸಂಜೆ ನಾನು ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ದಾದಾ ಅವರ ಊರುಗೋಲಿಗೇ ಪಟ್ಟಿ ಕಟ್ಟಿ ಮಲಗಿ ತೋರಿಸುತ್ತಿದ್ದೆ. ತಮ್ಮ ನಗುತ್ತಿದ್ದ. ದಾದಿ ಅಡುಗೆಮನೆಯಿಂದ ಬಂದು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಪಕ್ಕದಲ್ಲಿ ಕುಳಿತು, ನನ್ನ ತೋಳಿನ ಕುಣಿಕೆಯೊಳಗೆ ಎರಡು ಬೆರಳು ಹಾಕಿ ಎಳೆದು ನೋಡಿದರು.

"ಜಾರುವುದಿಲ್ಲವಲ್ಲ?" ಎಂದರು.

"ಇಲ್ಲ ದಾದಿ."

ಇನ್ನೊಂದು ಸಲ ಎಳೆದು ನೋಡಿ, ಊರುಗೋಲನ್ನು ಇದ್ದಲ್ಲೇ ಇಡು ಎಂದು ಹೇಳಿ ಎದ್ದುಹೋದರು.